ಒಣ ಸಿಗಡಿಯ ಜೇಬು

ಅವಳ ಬಲಗಡೆಯ ಜೇಬು ಯಾವಾಗಲೂ ಒಣ ಸಿಗಡಿ ನಾರುತ್ತಿತ್ತು. ಹೊಸ ಕುರ್ತಾ ಇರಲಿ, ಹಳೆಯದಿರಲಿ, ಒಗೆದು ಇಸ್ತ್ರಿ ಮಾಡಿದ್ದೇ ಇರಲಿ, ಆ ಜೇಬಿನ ಮೂಲೆಯಲ್ಲಿ ಕೆಂಪು ಪುಡಿ, ಸಿಗಡಿಯ ಒಂದೆರಡು ಮುರಿದ ಮೀಸೆ ಇದ್ದೇ ಇರುತ್ತಿದ್ದವು. ಉಪ್ಪು ಹೀರಿ ಹೀರಿ ಬಟ್ಟೆ ಅಲ್ಲಿ ಅಂಗೈಯಷ್ಟು ಜಾಗ ರಟ್ಟಿನ ಹಾಗೆ ಬಿರುಸಾಗಿರುತ್ತಿತ್ತು. ನಾನು ಟೇಲರು. ಜನರ ಬಟ್ಟೆಯ ಒಳಭಾಗ ನೋಡುವುದೇ ನನ್ನ ಕಸುಬು. ಅದರ ಮೇಲೆ ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟಿದವಳಲ್ಲ. ಹಾಗಾಗಿ ಆ ಹುಡುಗಿಯನ್ನು ನೆನೆದರೆ ಮುಖಕ್ಕಿಂತ ಮೊದಲು ನನಗೆ ಬರುವುದು ಆ ವಾಸನೆ. ಸ್ವಲ್ಪ ಚೆಂದದ ಮಾತಿನಿಂದ ಶುರು ಮಾಡಬಾರದೇ ಅಂತ ನೀವು ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು, ನನ್ನ ಪೋಸ್ಟು ಓದುವವರಿಗೆ ಇದು ಹೊಸದಲ್ಲ.

ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ, ಒಂದು ಕಾಲ್ಮಿಷನ್ನು, ಒಂದು ಕತ್ತರಿಸುವ ಮೇಜು, ಅಷ್ಟೇ. ಮನೆಯಲ್ಲಿ ಇರುವವಳು ನಾನೊಬ್ಬಳೇ. ಬಾಗಿಲ ಮುಂದೆ ಕಾರು ತೂರಲಾರದ ಓಣಿ, ಓಣಿಯ ನನ್ನ ಬದಿಗೆ ಉದ್ದಕ್ಕೂ ತೆರೆದ ಗಟಾರ. ಎದುರಿನ ಮನೆ ಆ ಹುಡುಗಿಯ ಚಿಕ್ಕಮ್ಮನದು. ಹುಡುಗಿ ಹಳಿಯಾಳ ತಾಲೂಕಿನ ಸಾಂಬ್ರಾಣಿ ಕಡೆಯ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಮನೆತನದವಳು, ಕಾಲೇಜು ಓದಲೆಂದು ಇಲ್ಲಿಗೆ ಬಂದಳು. ಬಂದ ದಿನ ಹೆಗಲಿಗೊಂದು ಬ್ಯಾಗು, ಕಂಕುಳಲ್ಲಿ ಒಂದು ಕಂದು ಬಣ್ಣದ ನಾಯಿಮರಿ. ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಿದ್ದು ನನ್ನ ಮಿಷನ್ನಿನಿಂದಲೇ ಕಾಣುತ್ತಿತ್ತು.

"ಓದಾಕ ಬಂದೀಯೋ, ನಾಯಿ ಸಾಕಾಕ ಬಂದೀಯೋ?"

"ಎರಡಕ್ಕೂ ಬಂದೇನಿ ಚಿಕ್ಕಮ್ಮಾ. ನಾನೂ ಕಲೀತೇನಿ, ಅದೂ ಕಲೀತೈತಿ."

ಎರಡು ದಿನ ಬಿಟ್ಟು ಕುರ್ತಾ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಬಲಗಡೆಗೆ ಜೇಬು ಬೇಕಂತೆ, ಆಳವಾದದ್ದು, ಓಡುವಾಗ ಒಳಗಿದ್ದದ್ದು ಹೊರಗೆ ಹಾರಬಾರದಂತೆ.

"ಯಾಕ, ಮೊಬೈಲ್ ಇಡಾಕೇನ?" ಅಂದೆ.

"ಅಲ್ರಿ ಅಕ್ಕಾರ, ನಾಯಿಗೆ."

"ನಾಯಿ ನಿನ್ನ ಜೇಬಿನ್ಯಾಗ ಕುಂಡ್ರತೈತೇನ?"

ಅವಳು ನಕ್ಕಳು. ಅವಳ ನಗೆಗೆ ಸದ್ದೇ ಇರಲಿಲ್ಲ. ಭುಜ ಮಾತ್ರ ಕುಣಿಯುತ್ತಿದ್ದವು. ನಾವಿಬ್ಬರೂ ಹೀಗೆ ಮಾತಾಡುತ್ತಿರುವಾಗ ಮರಿ ಮೇಜಿನ ಕೆಳಗೆ ಹೋಗಿ ನನ್ನ ಗುಂಡಿಯ ಡಬ್ಬಿ ಉರುಳಿಸಿ, ಅಂಗಿಗೆ ಹಚ್ಚುವ ಬಿಳಿ ಗುಂಡಿಗಳನ್ನು ಕುಸುರೆಳ್ಳಿನ ಹಾಗೆ ನುಂಗಿಬಿಟ್ಟಿತ್ತು. ನಾನು ಅರಚಿದ್ದು ಓಣಿಯ ಕೊನೆಯವರೆಗೆ ಕೇಳಿಸಿತಂತೆ. ಮರುದಿನ ಹುಡುಗಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದು ನಿಂತಳು.

"ಎಲ್ಲಾ ಹೊರಗ ಬಂದಾವ್ರಿ. ಸೋಪ್ ಹಾಕಿ ತೊಳದೇನಿ. ತಗೋರ್ರಿ."

"ಮುಚ್ಚ ಬಾಯಿ. ಒಯ್ದು ಚೆಲ್ಲು."

ಆವತ್ತಿನಿಂದ ನಾಯಿಯ ಹೆಸರು ಬಟನ್ ಆಯಿತು. ಅದರ ಒಂದು ಕಿವಿ ನಿಂತಿರುತ್ತಿತ್ತು, ಇನ್ನೊಂದು ಮಡಚಿಕೊಂಡಿರುತ್ತಿತ್ತು. ಜಾತಿ ಗೀತಿ ಏನೂ ಇಲ್ಲ, ಅಪ್ಪಟ ಬೀದಿನಾಯಿ.

ಆ ಹುಡುಗಿಗೆ ನಾಯಿಗಳ ಓಟದ ಹುಚ್ಚು ಹತ್ತಿದ್ದು ಫೋನಿನಿಂದ. ಸುಮ್ಮನೆ ಓಡುವ ಓಟವಲ್ಲ ಅದು. ಮೈದಾನದಲ್ಲಿ ಹಾರಲು ಅಡ್ಡಗಂಬ, ನಡುವೆ ನುಸುಳಲು ಸಾಲುಗಂಬ, ಕೊಳವೆ, ಏರಿಳಿಯುವ ಹಲಗೆ ಎಲ್ಲ ಇಟ್ಟಿರುತ್ತಾರೆ. ನಾಯಿ ಅವನ್ನು ಹೇಳಿದ ಕ್ರಮದಲ್ಲಿಯೇ ದಾಟಬೇಕು. ಮನುಷ್ಯ ಪಕ್ಕದಲ್ಲಿ ಓಡುತ್ತ ದಾರಿ ಹೇಳಬೇಕು. ಮುಟ್ಟುವ ಹಾಗಿಲ್ಲ, ಹಗ್ಗ ಹಾಕುವ ಹಾಗಿಲ್ಲ, ತಿನಿಸು ತೋರಿಸುವ ಹಾಗಿಲ್ಲ. ಬಾಯಿ, ಕೈಸನ್ನೆ, ಇಷ್ಟೇ. ಅದಕ್ಕೆ ಅಜಿಲಿಟಿ ಅನ್ನುತ್ತಾರಂತೆ. ನನಗೆ ಅವಳು ವಿಡಿಯೋ ತೋರಿಸಿದಾಗ, ಇದೇನು ಸರ್ಕಸ್ಸೇ ಅಂದೆ.

"ಸರ್ಕಸ್ಸಿನ್ಯಾಗ ಹೆದರಿಸಿ ಮಾಡಸ್ತಾರ ಅಕ್ಕಾರ. ಇದರಾಗ ನಾಯಿಗೆ ಮನಸ್ಸಿರಲಿಲ್ಲಂದ್ರ ಒಂದು ಹೆಜ್ಜೀನೂ ಆಗೂದಿಲ್ಲ."

ಸಾಮಾನು ಎಲ್ಲಿಂದ ತರಬೇಕು? ಅವಳ ಕಾಕಾ, ಅಂದರೆ ಚಿಕ್ಕಮ್ಮನ ಗಂಡ, ಟೆಂಪೋದಲ್ಲಿ ಹಳಿಯಾಳದ ತರಕಾರಿ ಹೇರುವವರು. ಅವರು ಬಿದಿರು ತಂದುಕೊಟ್ಟರು, ಅಡ್ಡಗಂಬ, ಸಾಲುಗಂಬ ಎರಡೂ ಆದವು. ಒಡೆದ ಸಿಮೆಂಟು ಪೈಪಿನ ಮೇಲೆ ಹಲಗೆ ಇಟ್ಟರು, ಏರಿಳಿಯುವ ಹಲಗೆಯೂ ಆಯಿತು. ಉಳಿದದ್ದು ಕೊಳವೆ. ಒಂದು ಮಧ್ಯಾಹ್ನ ನೀಲಿ ತಾಡಪತ್ರಿಯ ದೊಡ್ಡ ಸುರುಳಿ ಹೊತ್ತು ತಂದು ನನ್ನ ಮೇಜಿನ ಮೇಲೆ ಒಗೆದಳು.

"ಅಕ್ಕಾರ, ಒಂದು ಬೋಗದಾ ಹೊಲದು ಕೊಡ್ರಿ."

"ಏನು?"

"ಜೋಯಿಡಾ ಕಡೆ ರೈಲು ಹೋಗತೈತಲ್ರಿ, ಗುಡ್ಡದೊಳಗ. ಅಂಥಾದ್ದು. ನಮ್ಮ ಬಟನ್ ಅದರಾಗ ಒಳಗ ಹೋಗಿ ಆ ಕಡೆ ಬರಬೇಕು."

ನಾನು ಬ್ಲೌಸು ಹೊಲಿದಿದ್ದೇನೆ, ಪರಕಾರ ಹೊಲಿದಿದ್ದೇನೆ, ತಾಡಪತ್ರಿಯಿಂದ ರೈಲಿನ ಬೋಗದಾ ಹೊಲಿದಿರಲಿಲ್ಲ. ಸೂಜಿಯ ಮೇಲೆ ಸೂಜಿ ಮುರಿದವು. ಹಳೆಯ ನೀರಿನ ಪೈಪನ್ನು ಬಳೆಯ ಹಾಗೆ ಬಗ್ಗಿಸಿ ಒಳಗೆ ಹಾಕಿ ಹೊಲಿಗೆ ಕಟ್ಟಿದೆ. ಓಣಿಯಲ್ಲಿ ಹಾಸಿದಾಗ ಬಟನ್ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಹುಡುಗಿ ಆ ತುದಿಗೆ ಹೋಗಿ ಮಂಡಿಯೂರಿ, ಕೈಯಿಂದ ತಾಡಪತ್ರಿಯನ್ನು ಪಟಪಟ ಬಡಿಯುತ್ತ ಕರೆದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಮೊದಲು ಒಂದು ಮಡಚಿದ ಕಿವಿ, ಆಮೇಲೆ ಇಡೀ ನಾಯಿ ಹೊರಗೆ ಬಂತು. ಬಂದದ್ದೇ ತಡ, ತಿರುಗಿ ಮತ್ತೆ ಒಳಗೆ ನುಗ್ಗಿತು. ಆ ದಿನದಿಂದ ಅದಕ್ಕೆ ಬೋಗದಾ ಅಂದರೆ ಪ್ರಾಣ.

ದಿನಾ ಬೆಳಿಗ್ಗೆ ಕಾಲೇಜಿಗೆ ಮೊದಲು, ಸಂಜೆ ಬಂದ ಮೇಲೆ ಓಣಿಯಲ್ಲಿ ಓಟ. ಬರಿಗಾಲಲ್ಲಿ ಓಡುತ್ತಿದ್ದಳು. ಒಮ್ಮೆ ಹೇಳಿದ ಮಾತನ್ನು ಎರಡನೇ ಸಲ ಹೇಳುತ್ತಿರಲಿಲ್ಲ, ಕಾಯುತ್ತಿದ್ದಳು. ಸರಿಯಾಗಿ ಮಾಡಿದರೆ ಜೇಬಿನಿಂದ ಒಂದು ಸಿಗಡಿ. ತಪ್ಪಾದರೆ ತನ್ನ ಹಣೆಗೆ ತಾನೇ ಒಂದು ಬಡಿದುಕೊಳ್ಳುತ್ತಿದ್ದಳು. "ನಾಯಿ ತಪ್ಪ ಮಾಡೂದಿಲ್ರಿ ಅಕ್ಕಾರ. ನಾವು ತಪ್ಪ ಹೇಳ್ತೇವಿ, ಅದು ಹೇಳಿದಂಗ ಮಾಡತೈತಿ." ಇದು ಅವಳ ಮಾತು. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು, "ಏನವಾ, ನಾಯಿಗೆ ಯಾವಾಗ ಪರೀಕ್ಷಾ?" ಅಂತ ಕಾಡಿಸಿದರೆ, "ನಿಮ್ಮ ಮಕ್ಕಳ ಪರೀಕ್ಷಾ ಮುಗೀಲಿ ರೀ, ಆಮ್ಯಾಲ ನಮ್ಮದು" ಅನ್ನುತ್ತಿದ್ದಳು. ಅವರ ಮಕ್ಕಳು ಎಂಥವರು ಅಂತ ಓಣಿಗೆಲ್ಲ ಗೊತ್ತಿತ್ತು.

ಮೊದಲ ಸ್ಪರ್ಧೆ ಬೆಳಗಾವಿಯಲ್ಲಿ. ಯಾವ ಜಾತಿಯ ನಾಯಿಯಾದರೂ ನಡೆಯುತ್ತದೆ ಅಂತ ಹಾಕಿದ್ದರು. ಕಾಕಾನ ಟೆಂಪೋದ ಹಿಂದೆ, ಖಾಲಿ ತರಕಾರಿ ಬುಟ್ಟಿಗಳ ನಡುವೆ ನಾನು, ಹುಡುಗಿ, ಬಟನ್. ನಾನು ಯಾಕೆ ಹೋದೆ? ನಾನು ಹೊಲಿದ ಬೋಗದಾದಲ್ಲಿ ಕಲಿತ ನಾಯಿ, ಹೋಗಬಾರದೇ?

ಮೈದಾನದಲ್ಲಿ ಶಾಂಪೂ ಹಾಕಿ ಬಾಚಿದ ನಾಯಿಗಳು, ನೆರಳಿಗೆ ಛತ್ರಿ, ಕೂರಲು ಮಡಚುವ ಕುರ್ಚಿ. ನಾವು ತಾಡಪತ್ರಿ ಹಾಸಿ ಕೂತೆವು. ಕಪ್ಪು ಕನ್ನಡಕದ ಒಬ್ಬ ಹೆಂಗಸು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಯಾವ ದೇಶದವರು?" ಅಂತ ಕೇಳಿದಳು.

"ನಾ ಹಳಿಯಾಳದಾಕಿ ರೀ," ಅಂದಳು ಹುಡುಗಿ. ಆಮೇಲೆ ಆ ಹೆಂಗಸಿನ ಕೈಯಲ್ಲಿದ್ದ ಉಣ್ಣೆಯ ಉಂಡೆಯಂಥ ನಾಯಿಯನ್ನು ನೋಡಿ, "ನಿಮ್ಮ ನಾಯಿ ಯಾವ ದೇಶದ್ದು ರೀ?" ಅಂದಳು. ಕೊಂಕಿನಿಂದಲ್ಲ, ನಿಜವಾಗಿಯೇ ತಿಳಿಯಬೇಕಿತ್ತು ಅವಳಿಗೆ. ಆ ಹೆಂಗಸು ಅರ್ಧ ಗಂಟೆ ಅವಳ ಜೊತೆ ನಾಯಿ ಸುದ್ದಿ ಹೇಳುತ್ತ ಕೂತಿದ್ದಳು.

ಒಳಗೆ ತಿನಿಸು ಒಯ್ಯುವ ಹಾಗಿಲ್ಲವಲ್ಲ. ತನ್ನ ಸರದಿ ಬಂದಾಗ ಜೇಬು ತಿರುವಿ ಇದ್ದ ಸಿಗಡಿಯನ್ನೆಲ್ಲ ನನ್ನ ಅಂಗೈಗೆ ಸುರಿದಳು. "ಹಿಡಕೊಂಡಿರ್ರಿ ಅಕ್ಕಾರ." ಓಡಿಯೇಬಿಟ್ಟಳು. ನಾನು ಆ ಕೈಯನ್ನು ಮೈಯಿಂದ ಆದಷ್ಟು ದೂರ ಚಾಚಿ, ಮೂಗು ಆ ಕಡೆ ತಿರುಗಿಸಿ ನಿಂತೆ.

ಬಟನ್ ಅಡ್ಡಗಂಬಗಳನ್ನು ಬಾಣದ ಹಾಗೆ ದಾಟಿತು. ಬೋಗದಾದೊಳಗೆ ಹೋಯಿತು. ಹೊರಗೆ ಬಂತು. ಬಲಕ್ಕೆ ನೋಡಿತು. ಹುಡುಗಿ ಎಡಕ್ಕಿದ್ದಳು. ಬಲಕ್ಕೆ ನಿಂತಿದ್ದವರು ನಿರ್ಣಾಯಕರು, ಬಿಳಿ ಟೊಪ್ಪಿಗೆಯ ದಪ್ಪನೆಯ ಮನುಷ್ಯ. ಬಟನ್ ಬಾಲ ಅಲ್ಲಾಡಿಸುತ್ತ ಅವರ ಜೊತೆ ಹೊರಟಿತು. ಅವರು ಹಿಂದೆ ಸರಿದರೆ ಅದೂ ಸರಿಯಿತು, ಮುಂದೆ ಹೋದರೆ ಅದೂ ಹೋಯಿತು. ಮೈದಾನ ಬಿದ್ದು ಬಿದ್ದು ನಕ್ಕಿತು. ಸೀಟಿ ಊದಿ ಹೊರಗೆ ಕಳಿಸಿದರು.

ವಾಪಸು ಬರುವಾಗ ಹುಡುಗಿ ಹಳಿಯಾಳದವರೆಗೂ ಬೆರಳಿನಿಂದ ಗಾಳಿಯಲ್ಲಿ ಮೈದಾನದ ದಾರಿ ಬರೆಯುತ್ತ ಕೂತಿದ್ದಳು. ಚಹಾಕ್ಕೆ ಇಳಿದಾಗ ತಟ್ಟನೆ ಹಣೆ ಬಡಿದುಕೊಂಡಳು.

"ಅಕ್ಕಾರ! ಗಟಾರ!"

"ಎಲ್ಲೆ?"

"ನಮ್ಮ ಓಣ್ಯಾಗ್ರಿ. ಒಂದು ಬದಿಗೆ ಗಟಾರ ಐತಿ, ನಾ ಯಾವಾಗಲೂ ಇನ್ನೊಂದು ಬದಿಗೇ ಓಡ್ತೇನಿ. ಓಡೂದೂ ದಿನಾ ಒಂದೇ ದಿಕ್ಕಿಗೆ. ಬಟನ್‌ಗ ನಾ ಬಲಗಡೆ ಅಷ್ಟ ಇರತೇನಿ ಅಂತ ಗೊತ್ತು. ಎಡಗಡೆ ಮನಷ್ಯಾರು ಇರ್ತಾರ ಅಂತ ಪಾಪ ಅದಕ್ಕ ಯಾರ ಹೇಳ್ಯಾರ?"

ಬಟನ್‌ನ ಲೋಕದಲ್ಲಿ ಎಡಗಡೆ ಅಂದರೆ ಗಟಾರ. ಕಾಕಾ ಚಹಾದ ಗ್ಲಾಸು ಕೆಳಗಿಟ್ಟು ನಗತೊಡಗಿದರು, ನಾನೂ ನಕ್ಕೆ, ಕೊನೆಗೆ ಅವಳ ಭುಜಗಳೂ ಕುಣಿದವು.

ಮುಂದಿನ ವಾರ ಕಾಕಾ ಎಲ್ಲೋ ಕೆಡವಿದ ಮನೆಯ ಫರಸಿ ಕಲ್ಲು ತಂದರು. ನನ್ನ ಬಾಗಿಲಿನ ಉದ್ದಕ್ಕೂ ಗಟಾರಕ್ಕೆ ಹಾಸಿದರು. ಮೇಲಿನ ಮನೆಯವರು, "ಗಟಾರ ಮುಚ್ಚಿದ್ರ ಬಳಿಯೂದು ಹೆಂಗ? ನಾಯಿ ಸಂಬಂಧ ಓಣಿ ತುಂಬಿಸ್ತೀರೇನ?" ಅಂತ ಬಂದರು. ನನ್ನ ಬಾಯಿ ಅಂಬೇವಾಡಿಗೆಲ್ಲ ಗೊತ್ತಿರುವಂಥದ್ದು. "ಕಲ್ಲು ಎತ್ತಿ ಬಳೀರಿ. ಇಷ್ಟು ವರ್ಷ ತೆರದಿತ್ತಲ್ಲ, ಯಾವಾಗ ಬಳದೀರಿ?" ಅಂದೆ. ಹೋದರು.

ಹೀಗೆ ಓಣಿಗೆ ಎರಡು ಬದಿ ಬಂದವು. ಹುಡುಗಿ ಎಡಕ್ಕೆ ಓಡುವುದನ್ನು ಕಲಿಸತೊಡಗಿದಳು. ಕೆಲವು ತಿಂಗಳಲ್ಲಿ ಬಟನ್ ಎರಡೂ ಕಡೆಗೆ ತಿರುಗಿ ನೋಡುವಂತಾಯಿತು. ಚಳಿಗಾಲ ಕಳೆದು, ಬೇಸಿಗೆ ಕಳೆದು, ಮಳೆ ಹಿಡಿಯುವ ಹೊತ್ತಿಗೆ ಮತ್ತೆ ಹಳೆಯ ರಾಗ. ಎಡಕ್ಕೆ ಕರೆದರೆ ತಡವರಿಸುವುದು, ಎಡದ ಕಂಬಕ್ಕೆ ಭುಜ ತಾಗಿಸುವುದು, ಬೋಗದಾದಿಂದ ಬಂದು ಬಲಕ್ಕೇ ನೋಡುವುದು. ಗಟಾರದ ಚಾಳಿ ಇನ್ನೂ ಹೋಗಿಲ್ಲ ಅಂತ ನಾವೆಲ್ಲ ಅಂದುಕೊಂಡೆವು. ಕಟ್ಟೆಯ ಗಂಡಸರೂ ಅದನ್ನೇ ಅಂದರು. ಹುಡುಗಿ ಹಟ ಹಿಡಿದು ಎಡಕ್ಕೇ ಓಡಿಸಿದಳು. ಎರಡನೇ ಸ್ಪರ್ಧೆಯಲ್ಲಿ ಬಟನ್ ಎಡಗಡೆಯ ಕಂಬಕ್ಕೆ ಮುಖ ಕೊಟ್ಟು ಹೊಡೆದುಕೊಂಡಾಗ, ಅವಳು ಮೈದಾನದ ನಡುವೆ ನಿಂತು ಕೂಗಿದಳು. "ಎಷ್ಟು ಸಲ ಹೇಳಬೇಕೋ ನಿನಗ? ಗಟಾರ ಇಲ್ಲ ಇಲ್ಲೆ! ಕಣ್ಣ ಬಿಟ್ಟು ನೋಡು!"

ನಾಯಿಯನ್ನು ಅವಳು ಬೈದಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬಟನ್ ಕಿವಿ ಎರಡನ್ನೂ ಮಡಚಿಕೊಂಡು ನೆಲಕ್ಕೆ ಅಂಟಿಕೊಂಡಿತು.

ಅದಾದ ಕೆಲವು ದಿನಕ್ಕೆ ಜೋರು ಮಳೆ. ಓಟ ಬಂದ್. ಹುಡುಗಿ ನನ್ನ ಅಂಗಡಿಯ ನೆಲದ ಮೇಲೆ ಚಿಂದಿಗಳ ನಡುವೆ ಕೂತಿದ್ದಳು, ಬಟನ್ ಮಿಷನ್ನಿನ ಕಾಲಿನ ಬಳಿ ಮಲಗಿತ್ತು. ಯಾವಾಗಲೂ ಅದಕ್ಕೆ ಅದೇ ಜಾಗ. ಅವಳು ಮಾತಾಡುತ್ತ ಜೇಬಿನಿಂದ ಸಿಗಡಿ ತೆಗೆದು ಕೈ ಚಾಚಿದಳು. ನಾಯಿ ಸುಮ್ಮನೆ ಮಲಗಿತ್ತು. ಮೂಗು ಮಾತ್ರ ಅಲ್ಲಾಡುತ್ತಿತ್ತು. ಇನ್ನೂ ಹತ್ತಿರ ತಂದಳು. ಅದು ತಲೆ ಎತ್ತಿ ಆ ಕಡೆ ಈ ಕಡೆ ಹುಡುಕಿತು. ಕೈಯನ್ನು ಬಲಗಡೆಗೆ ತಂದಳು, ಗಬಕ್ಕನೆ ತಿಂದಿತು.

ಇನ್ನೊಂದು ಸಿಗಡಿ ತೆಗೆದಳು. ಎಡಕ್ಕೆ ಹಿಡಿದಳು. ಏನೂ ಇಲ್ಲ. ಬಲಕ್ಕೆ, ಗಬಕ್. ನಾನು ಮಿಷನ್ನು ನಿಲ್ಲಿಸಿದೆ.

"ಅಕ್ಕಾರ," ಅಂದಳು, "ಇದಕ್ಕ ಆ ಕಡೆ ಕಾಣಸೂದಿಲ್ರಿ."

ನಾಯಿಯ ಎಡಗಣ್ಣಿನ ಮುಂದೆ ಬೆರಳು ಆಡಿಸಿದಳು. ಮತ್ತೆ ಮತ್ತೆ ಆಡಿಸಿದಳು. ಆಮೇಲೆ ಅದರ ಕುತ್ತಿಗೆಗೆ ಮುಖ ಒತ್ತಿಕೊಂಡಳು. "ಕಣ್ಣ ಬಿಟ್ಟು ನೋಡು ಅಂತ ಬೈದ್ನೆಲ್ರೀ ಅಕ್ಕಾರ. ಎಲ್ಲಾರ ಮುಂದ ಬೈದೆ."

ನನಗೆ ಸಮಾಧಾನದ ಮಾತು ಬರುವುದಿಲ್ಲ. ಎದ್ದು ಚಹಾ ಮಾಡಿದೆ.

ಧಾರವಾಡದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಹೇಳಿದ್ದಿಷ್ಟು. ಕಣ್ಣಿನ ಒಳಪರದೆ ಸವೆಯುತ್ತಿದೆ, ಹುಟ್ಟಿನಿಂದಲೇ ಬಂದದ್ದು, ಔಷಧ ಇಲ್ಲ. ಎಡಗಣ್ಣು ಹೋಗಿದೆ. ಬಲಗಣ್ಣೂ ನಿಧಾನವಾಗಿ ಹೋಗುತ್ತದೆ. ನೋವಿಲ್ಲ, ಓಡಲು ಇಷ್ಟಪಟ್ಟರೆ ಓಡಲಿ, ಎತ್ತರದಿಂದ ಬೀಳದ ಹಾಗೆ ನೋಡಿಕೊಳ್ಳಿ.

ಇನ್ನು ಮುಗಿಯಿತು ಅಂದುಕೊಂಡೆ ನಾನು. ಒಂದು ವಾರ ಓಣಿ ಸುಮ್ಮನಿತ್ತು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ತಾಡಪತ್ರಿಯ ಸಪ್ಪಳ. ಹೊರಗೆ ಬಂದು ನೋಡಿದರೆ ಹುಡುಗಿ ಓಡುತ್ತಿದ್ದಾಳೆ, ಈ ಸಲ ಬಾಯಿ ನಿಲ್ಲಿಸದೆ. "ಇಲ್ಲೇ ಅದೀನಿ, ಇಲ್ಲೇ ಅದೀನಿ, ಹಾರು! ಇಲ್ಲೇ ಅದೀನಿ, ಬೋಗದಾ! ಇಲ್ಲೇ ಅದೀನಿ." ಅಡ್ಡಗಂಬಗಳನ್ನು ಮೊಣಕಾಲಿನ ಕೆಳಗೆ ಇಳಿಸಿದ್ದಳು. ಏರಿಳಿಯುವ ಹಲಗೆಯ ಅಡಿಗೆ ನನ್ನ ಚಿಂದಿ ತುಂಬಿದ ಚೀಲ ಇಟ್ಟಿದ್ದಳು, ಧಡಕ್ಕನೆ ಬೀಳದಿರಲಿ ಅಂತ.

ನಾನು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ. "ಕುರುಡ ನಾಯೀನ ಓಡಸ್ತೀಯಲ್ಲ, ನಿನಗ ಗೆಲ್ಲೂ ಕಪ್ ಬೇಕೋ, ಅದಕ್ಕ ಬೇಕೋ?"

ಅವಳಿಗೆ ಸಿಟ್ಟು ಬರಲಿಲ್ಲ. ಬಂದು ನನ್ನ ಮೆಟ್ಟಿಲ ಮೇಲೆ ಕೂತಳು.

"ಕಪ್ ಬ್ಯಾಡ್ರಿ. ಒಮ್ಮೆ, ಒಂದೇ ಒಮ್ಮೆ, ತಪ್ಪಿಲ್ಲದ ಓಡಬೇಕು, ಆ ಕಣ್ಣ ಇರೂತನಕ. ಎಲ್ಲಾರ ಮುಂದ ನಾ ಬೈದದ್ದು ಅದಕ್ಕ ಕೇಳಸೈತಿ. ಎಲ್ಲಾರೂ ಕೇಳ್ಯಾರ. ತಪ್ಪು ಅದರದಲ್ಲಾ ಅಂತ ಎಲ್ಲಾರ ಮುಂದನ ತೋರಸಬೇಕು. ಆಮ್ಯಾಲ ಸಾಕು ಮಾಡ್ತೇನಿ."

"ಅದಕ್ಕ ಕುರುಡಾದ್ರೂ ಬೋಗದಾ ಅಂದ್ರ ಇನ್ನೂ ಹುಚ್ಚೇನ?" ಅಂತ ಕೇಳಿದೆ, ಮಾತು ಬದಲಿಸಲಿಕ್ಕೆ.

"ಬೋಗದಾದೊಳಗ ಎಲ್ಲಾ ನಾಯಿನೂ ಕುರುಡ ಅಲ್ರೀ ಅಕ್ಕಾರ," ಅಂದಳು. "ಅಲ್ಲೆ ಕಣ್ಣಿನ ಕೆಲಸನ ಇಲ್ಲ."

ಧಾರವಾಡದ ಸ್ಪರ್ಧೆಗೆ ಹೋಗುವ ಹೊತ್ತಿಗೆ ಬಲಗಣ್ಣಿಗೆ ನೆರಳು ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಹುಡುಗಿ ನಿರ್ಣಾಯಕರಿಗೆ ಮೊದಲೇ ಹೇಳಿದಳು. ಅದೇ ಬಿಳಿ ಟೊಪ್ಪಿಗೆಯ ಮನುಷ್ಯ. ಬಟನ್‌ನ ಗುರುತು ಹತ್ತಿತು ಅವರಿಗೆ. ತಲೆ ಸವರಿ, "ಇವತ್ತು ನನ್ನ ಹಿಂದೆ ಬರಬೇಡಪ್ಪಾ" ಅಂದರು.

ಓಟಕ್ಕೆ ಮೊದಲು ದಾರಿ ಬಾಯಿಪಾಠ ಮಾಡಿಕೊಳ್ಳಲು ನಾಯಿ ಇಲ್ಲದೆ ಒಂದು ಸುತ್ತು ನಡೆಯಲು ಬಿಡುತ್ತಾರೆ. ಉಳಿದವರೆಲ್ಲ ಕೈಸನ್ನೆ ಮಾಡುತ್ತ ನಡೆದರು. ಇವಳು ನನ್ನ ಹೆಗಲ ಮೇಲಿದ್ದ ತನ್ನ ವೇಲನ್ನು ಎಳೆದುಕೊಂಡು ಕಣ್ಣಿಗೆ ಕಟ್ಟಿಕೊಂಡಳು. ಬರಿಗಾಲಲ್ಲಿ, ಕೈ ಮುಂದೆ ಚಾಚಿ, ಇಡೀ ಮೈದಾನ ನಡೆದಳು. ಎಲ್ಲಿ ಹುಲ್ಲು ತೆಳ್ಳಗಿದೆ, ಎಲ್ಲಿ ನೆಲ ಇಳಿಜಾರು, ಎಲ್ಲಿ ಬೋಗದಾದ ಬಾಯಿ, ಕಾಲಲ್ಲೇ ತಿಳಿದುಕೊಂಡಳು. ಕಂಬಕ್ಕೆ ಡಿಕ್ಕಿ ಹೊಡೆದಾಗ ಯಾರೋ ನಕ್ಕರು. ಅವಳು ಕಂಬವನ್ನು ಸವರಿ ನೋಡಿ ಮುಂದೆ ಹೋದಳು.

ಸರದಿ ಬಂತು. ಜೇಬಿನಲ್ಲಿದ್ದದ್ದನ್ನು ನನ್ನ ಅಂಗೈಗೆ ಸುರಿದಳು. ನಾನು ಮುಷ್ಟಿ ಮುಚ್ಚಿದೆ.

"ಇಲ್ಲೇ ಅದೀನಿ," ಅಂತ ಶುರುವಾಯಿತು.

ನಾಯಿ ಓಡಿತು ನೋಡಿ. ಬಾಣದ ಹಾಗಲ್ಲ, ನೀರಿನ ಹಾಗೆ. ಅವಳ ದನಿ ಎಲ್ಲಿ ಹೋಗುತ್ತಿತ್ತೋ ಅಲ್ಲಿಗೆ ಹರಿಯಿತು. ಹಾರು ಅಂದಲ್ಲಿ ಹಾರಿತು. ಎಡ ಅಂದಲ್ಲಿ ಎಡಕ್ಕೆ ತಿರುಗಿತು, ಹೌದು, ಎಡಕ್ಕೆ. ಸಾಲುಗಂಬಗಳ ನಡುವೆ ಬಟ್ಟೆಯೊಳಗೆ ಸೂಜಿ ಆಡಿದ ಹಾಗೆ ಹೊಕ್ಕು ಹೊರಟಿತು. ಒಂದೂ ತಪ್ಪಿಲ್ಲ. ಬೋಗದಾದೊಳಗೆ ಹೋಗಿ ಹೊರಗೂ ಬಂತು. ಉಳಿದದ್ದು ಏರಿಳಿಯುವ ಹಲಗೆ, ಅದಾದ ಮೇಲೆ ಒಂದೇ ಒಂದು ಜಿಗಿತ.

ಆಗ ಮೈಕಿನವನಿಗೆ ತಡೆದುಕೊಳ್ಳಲಾಗಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ. "ನೋಡ್ರಿ, ಎಲ್ಲಾರೂ ನೋಡ್ರಿ! ಈ ನಾಯಿಗೆ ಕಣ್ಣಿಲ್ಲ!" ಅಂತ ಕೂಗಿದ. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸೀಟಿ, ಕೇಕೆ, ಬೇರೆ ನಾಯಿಗಳ ಬೊಗಳಾಟ. ನಾನೂ ಒಂದು ಕೈಯಿಂದ ತೊಡೆ ಬಡಿದೆ ಅನಿಸುತ್ತದೆ.

ಆ ಗದ್ದಲದಲ್ಲಿ ಅವಳ ದನಿ ಮುಳುಗಿ ಹೋಯಿತು. ಬಟನ್ ನಿಂತುಬಿಟ್ಟಿತು. ನಿಂತ ಕಿವಿ ಒಂದು ಕಡೆ ತಿರುಗಿತು, ಇನ್ನೊಂದು ಕಡೆ ತಿರುಗಿತು. ಅವಳ ಬಾಯಿ ಆಡುವುದು ನಮಗೆ ಕಾಣುತ್ತಿತ್ತು, ಅದಕ್ಕೆ ಕೇಳುತ್ತಿರಲಿಲ್ಲ. ಹಲಗೆ ಎರಡು ಹೆಜ್ಜೆ ಮುಂದಿತ್ತು. ನಾಯಿಯ ಹಿಂಗಾಲು ನಡುಗುತ್ತಿದ್ದುದನ್ನು ನಾನು ನಿಂತಲ್ಲಿಂದಲೇ ನೋಡಿದೆ. ಅವಳು ಹಲಗೆಯ ಬಳಿ ಹೋಗಿ ನೆಲ ಗುದ್ದಿ ಕರೆದಿದ್ದರೆ ಹತ್ತುತ್ತಿತ್ತೋ ಏನೋ. ಅವಳು ಹೇಳಿದರೆ ಬಾವಿಗೂ ಹಾರುವ ನಾಯಿ ಅದು.

ಅವಳು ಒಮ್ಮೆ ಹಲಗೆ ನೋಡಿದಳು. ಒಮ್ಮೆ ನಾಯಿ ನೋಡಿದಳು. ಆಮೇಲೆ ಹಲಗೆಗೆ ಬೆನ್ನು ಹಾಕಿ, ಈಗಷ್ಟೇ ಮುಗಿಸಿದ ಬೋಗದಾದ ಬಾಯಿಗೆ ಓಡಿ ಬಂದು ಮಂಡಿಯೂರಿದಳು. ಅಂಗೈಯಿಂದ ಬಟ್ಟೆಯನ್ನು ಪಟಪಟ ಬಡಿದಳು, ನಮ್ಮ ಓಣಿಯಲ್ಲಿ ಮೊದಲ ದಿನ ಬಡಿದ ಹಾಗೆ. ಆ ಸಪ್ಪಳ ನೆಲದಿಂದ ಹೋಯಿತೋ ಗಾಳಿಯಿಂದ ಹೋಯಿತೋ, ಬಟನ್‌ನ ಎರಡೂ ಕಿವಿ ಎದ್ದವು. ತಿರುಗಿ ಧಾವಿಸಿ ಬೋಗದಾದೊಳಗೆ ನುಗ್ಗಿತು. ಆ ಕಡೆ ಹೊರಟಿತು. ಅಷ್ಟರಲ್ಲಿ ಅವಳೂ ಆ ತುದಿಗೆ ಓಡಿದ್ದಳು. ಮತ್ತೆ ಬಡಿದಳು, ಮತ್ತೆ ಒಳಗೆ. ಬಾಲ ಗಾಳಿಪಟದ ಹಾಗೆ. ದಾರಿ ತಪ್ಪಿತು ಅಂತ ನಿರ್ಣಾಯಕರು ಕೈ ಎತ್ತಿದರು. ಎತ್ತಿದ ಕೈಯನ್ನು ಇಳಿಸಿ ಸುಮ್ಮನೆ ನೋಡುತ್ತ ನಿಂತರು. ಸಾಕಾಗುವವರೆಗೆ ಆಡಿ, ಬಟನ್ ತಾನೇ ಬಂದು ಅವಳ ಮಡಿಲಲ್ಲಿ ಬಿತ್ತು.

ನನಗೆ ಸಿಟ್ಟು ಬಂದಿತ್ತು. ಮೈಕಿನವನ ಮೇಲೆ, ಚಪ್ಪಾಳೆಯವರ ಮೇಲೆ, ಅವಳ ಮೇಲೆ ಕೂಡ. "ಎರಡ ಉಳದಿದ್ವು! ಎರಡ! ಇಷ್ಟು ದಿನ ಮಾಡಿದ್ದು ಏನಾತು?"

ಅವಳ ಮುಖ ಬೆವರಿ ಹೊಳೆಯುತ್ತಿತ್ತು. ಭುಜ ಕುಣಿಯುತ್ತಿದ್ದವು.

"ಅಕ್ಕಾರ, ನೋಡಿದ್ರಿಲ್ಲೋ? ಅಲ್ಲೀತನಕಾ ಅದು ಒಂದೂ ತಪ್ಪ ಮಾಡ್ಲಿಲ್ಲ. ದಾರಿ ತಪ್ಪಿಸಿದಾಕಿ ನಾನು. ಎಲ್ಲಾರೂ ನೋಡ್ಯಾರ. ಈ ಸಲ ತಪ್ಪು ಯಾರದು ಅಂತ ಯಾರಿಗೂ ಅನುಮಾನ ಇಲ್ಲ."

ಕೈ ಚಾಚಿದಳು. ಸಿಗಡಿ ಕೇಳುತ್ತಿದ್ದಾಳೆ ಅಂತ ತಿಳಿಯಲು ನನಗೆ ಹೊತ್ತು ಹಿಡಿಯಿತು. ಮುಷ್ಟಿ ಬಿಚ್ಚಿದರೆ ಎಲ್ಲ ಪುಡಿಯಾಗಿತ್ತು. ಬಟನ್ ನನ್ನ ಅಂಗೈಯನ್ನೇ ನೆಕ್ಕಿ ತಿಂದಿತು. ನಾಯಿಯ ನಾಲಿಗೆ ಅಷ್ಟು ಬೆಚ್ಚಗಿರುತ್ತದೆ ಅಂತ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಡಿಗ್ರಿ ಮುಗಿದ ಮೇಲೆ ಹುಡುಗಿಗೆ ಮುಂಡಗೋಡದ ಹತ್ತಿರ, ಗಾಯಗೊಂಡ ನಾಯಿಗಳನ್ನು ನೋಡಿಕೊಳ್ಳುವ ಕಡೆ ಕೆಲಸ ಸಿಕ್ಕಿತು. ಅವಳಿಗೆ ಇದಕ್ಕಿಂತ ಹೊಂದುವ ಕೆಲಸ ಇಲ್ಲ. ಬಟನ್ ಅಷ್ಟು ಹೊತ್ತಿಗೆ ಪೂರ್ತಿ ಕುರುಡು. ನಮ್ಮ ಓಣಿಯನ್ನು ಮಾತ್ರ ಕಲ್ಲು ಕಲ್ಲಾಗಿ ಬಲ್ಲದು. ಫರಸಿ ಎಲ್ಲಿ ಮುಗಿಯುತ್ತದೆ, ಗಟಾರ ಎಲ್ಲಿ ಶುರುವಾಗುತ್ತದೆ, ಎಲ್ಲ ಗೊತ್ತು. ಹೊಸ ಊರಿಗೆ ಒಯ್ದರೆ ಮತ್ತೆ ಕತ್ತಲೆ. ಚಿಕ್ಕಮ್ಮ, ಕಾಕಾ ಇಬ್ಬರೂ ಹಗಲೆಲ್ಲ ಹೊರಗೆ. ಹುಡುಗಿ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ಏನು ಕೇಳಲು ಬಂದಿದ್ದಾಳೆ ಅಂತ ನನಗೆ ಮೊದಲೇ ಗೊತ್ತಿತ್ತು. ಅವಳಾಗಿ ಕೇಳಲಿ ಅಂತ ಗುಂಡಿಯ ತೂತಿಗೆ ಕಾಜಾ ಹೊಲಿಯುತ್ತ ಕೂತೆ.

"ಅಕ್ಕಾರ, ನಿಮ್ಮ ಮಿಷನ್ ಸಪ್ಪಳ ಐತೆಲ್ರಿ, ಅದರ ಮ್ಯಾಲ ಅದಕ್ಕ ಮನಿ ಎಲ್ಲೈತಿ ಅಂತ ತಿಳೀತೈತಿ."

"ಹ್ಞಾಂ."

"ಮಿಷನ್ ಬಂದ್ ಇದ್ದಾಗ ಅಷ್ಟ ಕಾಳಜಿರಿ. ಅವಾಗ ಮಾತಾಡ್ಬೇಕಾಗತೈತಿ. ಹೊರಗ ಹೋಗೂ ಮುಂದ, ಒಳಗ ಬರೂ ಮುಂದ. ಎಲ್ಲಿದ್ದೀರಿ ಅಂತ ಹೇಳ್ಕೋತ ಇರಬೇಕು."

"ನನಗ ಬೈಯ್ಯೂದೊಂದ ಬರತೈತಿ."

"ಬೈರಿ. ದನಿ ನಿಮ್ದ ಇದ್ರ ಸಾಕು."

ಹೀಗೆ ಬಟನ್ ನನ್ನ ಮನೆಗೆ ಬಂತು. ಹುಡುಗಿ ರಜೆ ಇದ್ದಾಗ ಮುಂಡಗೋಡದಿಂದ ಬರುತ್ತಾಳೆ. ಅವಳು ಓಣಿಯ ತಿರುವಿನಲ್ಲಿರುವಾಗಲೇ ಬಟನ್ ಎದ್ದು ನಿಲ್ಲುತ್ತದೆ. ಇಬ್ಬರೂ ಓಣಿಯಲ್ಲಿ ಬೋಗದಾ ಹಾಸಿ ಆಡುತ್ತಾರೆ. ತಾಡಪತ್ರಿ ಹರಿದಲ್ಲೆಲ್ಲ ನಾನು ತೇಪೆ ಹಾಕಿದ್ದೇನೆ. ಈಗ ಅದು ನೀಲಿಗಿಂತ ಬೇರೆ ಬಣ್ಣವೇ ಹೆಚ್ಚು.

ಆ ಹುಡುಗಿ ನನಗೆ ಏನು ಕೊಟ್ಟಳು ಅಂತ ಕೇಳಿದರೆ, ಹೇಳುತ್ತೇನೆ. ನನ್ನ ಮನೆಯಲ್ಲಿ ವರ್ಷಗಟ್ಟಲೆ ಮಿಷನ್ನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ನನ್ನ ಬಾಯಿ ಶುರುವಾಗುತ್ತದೆ. ನೀರು ಕಾಯಿಸುವಾಗ, ಕಸ ಗುಡಿಸುವಾಗ, ಬಟ್ಟೆ ಒಣಗಿಸುವಾಗ. "ಇಲ್ಲೇ ಅದೀನೋ, ಇಲ್ಲೇ ಅದೀನಿ." ನಾನು ಇಲ್ಲಿದ್ದೇನೆ ಅಂತ ಯಾರಿಗಾದರೂ ಹೇಳುವ ಅಗತ್ಯ ಇರುವುದು ದೊಡ್ಡ ವಿಷಯ. ಬೇರೆಯವರಿಗೆ ಅದು ಸುಮ್ಮನೆ ಸಿಕ್ಕಿರುತ್ತದೆ, ನನಗೆ ಅವಳು ಕಲಿಸಬೇಕಾಯಿತು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಅವಳ ಕುರ್ತಾಗಳಿಗೆ ಜೇಬು ಹಚ್ಚಿಕೊಡುತ್ತೇನೆ, ಅಷ್ಟೇ.

ಹೋದ ವಾರ ಬ್ಲೌಸಿನ ಅಳತೆ ಕೊಡಲು ಬಂದ ಒಬ್ಬರು ಮೂಗು ಮುರಿದು, "ಟೇಲರ್ ಅಕ್ಕಾ, ನಿಮ್ಮ ಕಡೆ ಏನೋ ನಾರತೈತಲ್ರಿ? ನೀವು ಮೀನ ತಿನ್ನೂದಿಲ್ಲ ಅಲ್ಲ?" ಅಂದರು. ನನ್ನ ನೈಟಿಯ ಬಲಗಡೆಗೆ ಆಳವಾದ ಜೇಬು ಇದೆ. ನಾನೇ ಹೊಲಿದುಕೊಂಡದ್ದು.

"ಹೌದ್ರಿ, ನಾರತೈತಿ," ಅಂದೆ. "ಕೈ ಎತ್ರಿ, ಅಳತಿ ತಗೋಬೇಕು."